ಬೆಳಗಾವಿಯಲ್ಲೇ ಬಂತು ಪಿ53 ಯುಬಿಕ್ವಿಟಿನ್ ಬ್ಲಾಟ್: ನನ್ನ ಅನುಭವ

ಕೊನೆಗೂ ಬಂತು. ಸಿಹಾ ಅನ್ನೋ ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಪಿ53 (ಕ್ಯಾನ್ಸರ್ ತಡೆಯುವ ಪ್ರೋಟೀನು) ಮೇಲೆ ಯುಬಿಕ್ವಿಟಿನ್ (ಪ್ರೋಟೀನನ್ನು ನಾಶಕ್ಕೆ ಗುರುತು ಮಾಡುವ ಪುಟ್ಟ ಪ್ರೋಟೀನು) ಸರಪಳಿ. ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಪತ್ತೆ ಹಚ್ಚಿದ ಚಿತ್ರದಲ್ಲಿ, ಕೆಳಗಿನ ಮೂರ್ನಾಲ್ಕು ಮೆಟ್ಟಿಲು ಬೆರಳಿಟ್ಟು ಎಣಿಸಬಹುದು. ಮೂರು ಸಲ ಮಾಡಿದೆ, ಮೂರೂ ಸಲ ಬಂತು. "ಇದು ಬೆಳಗಾವ್ಯಾಗ ಆಗಂಗಿಲ್ರಿ ಸರ್, ಸ್ಯಾಂಪಲ್ ಬೆಂಗಳೂರಿಗೆ ಕಳಿಸಿಬಿಡ್ರಿ" ಎಂದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು ನಮ್ಮದೇ ಕೋಶದ ಇ6ಎಪಿ ಅನ್ನೋ ಕಿಣ್ವವನ್ನು ಕರೆದುಕೊಂಡು ಬಂದು ಪಿ53ಗೆ ಯುಬಿಕ್ವಿಟಿನ್ ಅಂಟಿಸುತ್ತದೆ, ಕೋಶದ ಪ್ರೋಟೀನು ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ಮುಗಿಸುತ್ತದೆ. ಗರ್ಭಕಂಠದ ಕ್ಯಾನ್ಸರ್ ಬಂದ ಹೆಣ್ಣುಮಕ್ಕಳನ್ನು ನಮ್ಮ ಕಡೆ ಆಸ್ಪತ್ರೆಗಳಲ್ಲಿ ನೋಡುತ್ತಲೇ ಇರುತ್ತೇವೆ. ಆ ಪಿ53 ಕರಗುವುದನ್ನು ಇಲ್ಲೇ ಅಳೆಯಬೇಕು ಅನ್ನೋದು ನನ್ನ ಹಟ.

ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತಂದೆ. ಫ್ಲಾಸ್ಕಿನ ಕುತ್ತಿಗೆವರೆಗೂ ಮೀಡಿಯಂ (ಕೋಶ ಬೆಳೆಸುವ ದ್ರವ) ತುಂಬಿಸಿ, ಪ್ಯಾರಾಫಿಲ್ಮ್ ಸುತ್ತಿ, ರಾತ್ರಿ ಬಸ್ಸಿನಲ್ಲಿ ಬ್ಯಾಗನ್ನು ತೊಡೆ ಮೇಲೇ ಇಟ್ಟುಕೊಂಡು ಬಂದೆ. ಅದೊಂದು ಮೊದಲ ಸಲವೇ ಸರಿ ಹೋಯಿತು.

ಆಮೇಲೆ ಸುಮಾರು ಹದಿನಾಲ್ಕು ತಿಂಗಳು ಬರೀ ಖಾಲಿ ಬ್ಲಾಟ್. ಆಂಟಿಬಾಡಿ ಎರಡು ಬಾಟಲಿ, ಪ್ರೋಟಿಯಾಸೋಮನ್ನು ತಡೆಯುವ ಎಂಜಿ132, ಆಂಟಿಬಾಡಿ ಹಿಡಿಯುವ ಬೀಡ್ಸ್ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಒಂದು ಆಂಟಿಬಾಡಿ ಮೇ ತಿಂಗಳಲ್ಲಿ ಥರ್ಮಾಕೋಲ್ ಡಬ್ಬಿಯಲ್ಲಿ ಎರಡು ದಿನ ದಾರಿಯಲ್ಲೇ ಉಳಿದು, ನಮ್ಮ ಕೈಗೆ ಬರುವಾಗ ಐಸ್ ಪ್ಯಾಕ್ ಬಿಸಿನೀರಾಗಿತ್ತು. ದುಡ್ಡು ವಾಪಸ್ ಬರಲಿಲ್ಲ. ಎಂಜಿ132 ಇನ್ನೊಂದು ಪಾಠ ಕಲಿಸಿತು. ಒಂದೇ ಟ್ಯೂಬನ್ನು ಹತ್ತು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡುತ್ತಿದ್ದೆವು, ಆಲ್ಡಿಹೈಡ್ ಅಲ್ವಾ, ಸತ್ತೇ ಹೋಗುತ್ತದೆ. ಈಗ 10 ಮೈಕ್ರೋಲೀಟರ್ ಟ್ಯೂಬುಗಳು, ಒಂದು ತೆಗೆದರೆ ಅವತ್ತೇ ಮುಗಿಸಬೇಕು. 10 ಮೈಕ್ರೋಮೋಲಾರ್, ಐದು ತಾಸು, ಸಾಕು.

ನಿಜವಾದ ಕಳ್ಳರು ಮಾತ್ರ ಬೇರೆ. ಕೋಶ ಒಡೆದ ಕ್ಷಣದಿಂದ ಡಿಯುಬಿಗಳು (ಯುಬಿಕ್ವಿಟಿನ್ ಬಿಡಿಸುವ ಕಿಣ್ವಗಳು) ಸರಪಳಿ ಬಿಚ್ಚುತ್ತಾ ಹೋಗುತ್ತವೆ. ನಾವು ಐಸ್ ಮೇಲೆ ಅರ್ಧ ತಾಸು ಲೈಸಿಸ್ (ಕೋಶ ಒಡೆಯುವ ಕೆಲಸ) ಮಾಡುತ್ತಿದ್ದೆವು, ಅಷ್ಟರಲ್ಲಿ ಎಲ್ಲ ಖಾಲಿ. ಡಿಯುಬಿಗಳನ್ನು ತಡೆಯುವ ಎನ್‌ಇಎಂ ಅನ್ನೋ ರಾಸಾಯನಿಕ ಹಾಕುತ್ತಿದ್ದೆವು, ಆದರೆ ನೀರಲ್ಲಿ ಕರಗಿಸಿ ಇಟ್ಟ ಹಳೆಯ ಸ್ಟಾಕ್. ಅದು ನೀರಿನಲ್ಲಿ ಉಳಿಯುವುದಿಲ್ಲ. ಇಲ್ಲಿಯ ಜುಲೈ ಮಳೆಯಲ್ಲಂತೂ ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೆಲ್ಲ ಪಸೆ. ಈಗ ಬಾಟಲಿ ಅರ್ಧ ತಾಸು ಟೇಬಲ್ ಮೇಲೆ ಕೂರುತ್ತದೆ, ಎಥನಾಲ್‌ನಲ್ಲಿ ಆಗಿಂದಾಗಲೇ ಕರಗಿಸಿ 20 ಮಿಲಿಮೋಲಾರ್ ಹಾಕುತ್ತೇನೆ.

ಐಸ್ ಬಿಟ್ಟುಬಿಟ್ಟೆ. ಮೀಡಿಯಂ ಚೆಲ್ಲಿ, ಒಮ್ಮೆ ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ತೊಳೆದು, ಡಿಯುಬಿಗಳು ಆ ಕ್ಷಣವೇ ನಿಲ್ಲಲಿ ಅಂತ, ಕುದಿಯುವಷ್ಟು ಬಿಸಿಯ 1 ಪರ್ಸೆಂಟ್ ಎಸ್‌ಡಿಎಸ್ (ಪ್ರೋಟೀನಿನ ಆಕಾರ ಬಿಡಿಸುವ ಡಿಟರ್ಜೆಂಟ್) ಬಫರನ್ನು ಡಿಶ್ ಮೇಲೇ ಸುರಿದೆ. ಡಿಎನ್‌ಎ ಬಿಟ್ಟುಕೊಂಡು ಲೋಳೆಸರದ ಹಾಗೆ ಎಳೆ ಎಳೆಯಾಗಿ ಬರುತ್ತದೆ, ಹೆದರಬೇಡಿ. ಅದನ್ನು ಶಬ್ದದಲೆಯಿಂದ ತುಂಡರಿಸುವ ಸೋನಿಕೇಟರ್ ನಮ್ಮಲ್ಲಿಲ್ಲ. ಮೆಡಿಕಲ್ ಶಾಪಿನ ಸಿರಿಂಜ್‌ನಲ್ಲಿ ಹದಿನೈದಿಪ್ಪತ್ತು ಸಲ ಎಳೆದು ಬಿಟ್ಟರೆ ನೀರಿನ ಹಾಗಾಗುತ್ತದೆ. 95 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಟ್ರೈಟಾನ್ (ಸೌಮ್ಯ ಡಿಟರ್ಜೆಂಟ್) ಬಫರ್ ಹತ್ತು ಪಟ್ಟು ಸೇರಿಸಿ, ಆಮೇಲೆ ಐಪಿ, ಅಂದರೆ ಆಂಟಿಬಾಡಿಯಿಂದ ಪಿ53ಯನ್ನು ಹಿಡಿದು ತೆಗೆಯುವುದು. ವಾಶ್‌ನಲ್ಲಿ ಉಪ್ಪು ಎಷ್ಟು, ಜೊತೆಗೆ ಇನ್ನೇನು ಹಾಕುತ್ತೇನೆ ಅನ್ನೋದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಬ್ಲಾಕಿಂಗ್‌ಗೆ (ಆಂಟಿಬಾಡಿ ಬ್ಲಾಟ್ ಮೇಲೆ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು) ಅಂಗಡಿಯ ಹಾಲಿನ ಪುಡಿ ನಡೆಯುತ್ತದೆ, ಆದರೆ ಸಕ್ಕರೆ ಸೇರಿಸಿದ ಚಹಾ ಪುಡಿಹಾಲು ಬೇಡ, ಕೆನೆ ತೆಗೆದದ್ದೇ ಬೇಕು. ಒಂದು ತಿಂಗಳು ಹಾಳಾಗಿದ್ದು ಇದರಿಂದ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಊರಿಂದ ಅವ್ವ ಕಳಿಸಿದ್ದ ಮಾಲ್ದಂಡಿ ಜೋಳ ಮೊಳಕೆ ಬರಿಸಿ, 42 ಡಿಗ್ರಿಯಲ್ಲಿ ಎರಡು ತಾಸು ಇಟ್ಟು, ಅದೇ ಬಿಸಿ ಬಫರಿನಲ್ಲಿ ಅರೆದೆ. ಯುಬಿಕ್ವಿಟಿನ್‌ನ 76 ಅಮೈನೋ ಆಮ್ಲಗಳಲ್ಲಿ ನಮಗೂ ಗಿಡಗಳಿಗೂ ವ್ಯತ್ಯಾಸ ಮೂರೇ ಮೂರು, ಅದಕ್ಕೇ ಅದೇ ಆಂಟಿಬಾಡಿ ಹಿಡಿಯಿತು. ಬಿಸಿಗೆ ಕೆಟ್ಟ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಅಂಟಿ, ಬಿಸಿ ತಾಗಿದ ಮೊಳಕೆಯ ಲೇನ್ (ಬ್ಲಾಟ್‌ನ ಸಾಲು) ಸ್ಯಾಂಪಲ್ ಹಾಕುವ ಗುಳಿಯಿಂದ ಕೆಳಗಿನವರೆಗೂ ಕಪ್ಪು, ತಂಪಿನಲ್ಲಿದ್ದದ್ದು ತಿಳಿ. ಪಿ53ಗಿಂತ ಮೊದಲು ನನಗೆ ಧೈರ್ಯ ಕೊಟ್ಟಿದ್ದು ಆ ಜೋಳ.

ಪ್ರೋಟೀನು ಒಡೆಯುವ ಇನ್ನೊಂದು ದಾರಿ ಲೈಸೋಸೋಮ್; ಕ್ಲೋರೋಕ್ವಿನ್ ಕೊಟ್ಟು ಅದನ್ನು ತಡೆದೂ ನೋಡಿದೆ. ಆ ದಾರಿ ನಿಂತದ್ದಕ್ಕೆ ಗುರುತಾದ ಎಲ್‌ಸಿ3 ಪ್ರೋಟೀನು ಏರಿತು, ಪಿ53 ಅಲ್ಲಾಡಲಿಲ್ಲ. ಎಂಜಿ132 ಕೊಟ್ಟ ಡಿಶ್‌ನಲ್ಲಿ ಮಾತ್ರ 53 ಕಿಲೋಡಾಲ್ಟನ್ ಗಾತ್ರದ ಬಳಿ ದಪ್ಪ ಪಟ್ಟಿ, ಅದರ ಮೇಲೆ ಮೆಟ್ಟಿಲು. ಆ ಫಿಲ್ಮ್ ಡೆವಲಪ್ ಆದಾಗ ರಾತ್ರಿ ಹನ್ನೊಂದು ದಾಟಿತ್ತು. ಮರುದಿನ ಬೆಳಿಗ್ಗೆ ಅರ್ಧ ಕಿಲೋ ಕುಂದಾ ತಂದು, ಬೆಂಗಳೂರಿಗೆ ಕಳಿಸಿ ಎಂದವರ ಟೇಬಲ್ ಮೇಲೆ ಫಿಲ್ಮ್ ಜೊತೆಗೇ ಇಟ್ಟೆ.