ಕೆಂಪು ಮಣ್ಣಿನ ದಾರಿಗೆ ಕ್ಯಾಂಪರ್ ಕಟ್ಟುವ ಮುನ್ನ

ಜುಲೈ ತಿಂಗಳ ಶಾಲಾ ರಜೆ ಹತ್ತಿರವಾಗುತ್ತಿದ್ದಂತೆ ಅಡಿಲೇಡ್‌ನ ಕನ್ನಡ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಈ ಸಲ ಔಟ್‌ಬ್ಯಾಕ್ ನೋಡಿಬಿಡೋಣ.’ ಕಾರಿನ ಹಿಂದೆ ಕ್ಯಾಂಪರ್ ಟ್ರೇಲರ್, ಎಂದರೆ ಡೇರೆ ಮಡಚಿಟ್ಟ ಗಾಡಿ, ಕಟ್ಟಿಕೊಂಡು, ಬೇಕೆಂದ ಕಡೆ ಡೇರೆ ಬಿಚ್ಚಿ, ರಾತ್ರಿ ಆಕಾಶ ನೋಡುತ್ತ ಮಲಗುವ ಆಸೆ. ನಾಲ್ಕು ಜನರನ್ನು ಸಲಹೆ ಕೇಳಿದರೆ ಒಬ್ಬರು ಟೈರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಕಾರಿನ ಚಾವಣಿಗೆ ದೀಪದ ಸಾಲು ಹಾಕಿಸಿ ಎನ್ನುತ್ತಾರೆ. ‘ಮೊದಲು ವೇ ಬ್ರಿಜ್‌ಗೆ ಹೋಗಿ ತೂಕ ಹಾಕಿಸಿ’ ಎಂದು ನಮಗೆ ಯಾರೂ ಹೇಳಲಿಲ್ಲ. ಅದಕ್ಕೇ ಈ ಲೇಖನ.

ಔಟ್‌ಬ್ಯಾಕ್ ಎಂದರೆ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಸೌತ್ ಆಸ್ಟ್ರೇಲಿಯಾ ರಾಜ್ಯ ಒಂದೇ ಕರ್ನಾಟಕದ ಐದರಷ್ಟು ದೊಡ್ಡದು. ಜನಸಂಖ್ಯೆ ಮಾತ್ರ ನಮ್ಮ ಮೈಸೂರು ಜಿಲ್ಲೆಗಿಂತ ಕಡಿಮೆ, ಅದರಲ್ಲೂ ಬಹುಪಾಲು ಜನ ಅಡಿಲೇಡ್ ಸುತ್ತಮುತ್ತಲೇ ಇದ್ದಾರೆ. ಪೋರ್ಟ್ ಅಗಸ್ಟಾ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ‘ಮುಂದಿನ ಊರಿನಲ್ಲಿ ತೆಗೆದುಕೊಂಡರಾಯಿತು’ ಎಂಬ ಮಾತಿಗೆ ಬೆಲೆಯಿಲ್ಲ.

ದಾರಿ ಮೊದಲು, ಗಾಡಿ ಆಮೇಲೆ

ಮೊದಲ ಸಲವೇ ಸಿಂಪ್ಸನ್ ಮರುಭೂಮಿಯ ಮರಳುದಿಬ್ಬಗಳ ಕನಸು ಬೇಡ. ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗಿನ ಸುಮಾರು 2,700 ಕಿ.ಮೀ. ಉದ್ದದ ಸ್ಟುವರ್ಟ್ ಹೆದ್ದಾರಿ ಪೂರ್ತಿ ಟಾರು ರಸ್ತೆ. ಅದರಲ್ಲೇ ಹೋಗಿ ಬಂದರೂ ಯಾರೂ ನಗುವುದಿಲ್ಲ. ಮಣ್ಣಿನ ದಾರಿಯ ರುಚಿಯೂ ಬೇಕು, ಎದೆಯೂ ನಡುಗಬಾರದು ಎನ್ನುವವರಿಗೆ ನಾನು ಹೇಳುವುದು ಈ ಸುತ್ತು: ಅಡಿಲೇಡ್‌ನಿಂದ ಹಾಕರ್, ಅಲ್ಲಿಂದ ಫ್ಲಿಂಡರ್ಸ್ ಬೆಟ್ಟಸಾಲಿನ ವಿಲ್ಪೀನಾ, ಮುಂದೆ ಮರೀ. ಮರೀಯಿಂದ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣಿನ ರಸ್ತೆ ಹಿಡಿದು ಕವರ್ಡ್ ಸ್ಪ್ರಿಂಗ್ಸ್, ವಿಲಿಯಂ ಕ್ರೀಕ್. ಅಲ್ಲಿ ಎಡಕ್ಕೆ ತಿರುಗಿ ಕೂಬರ್ ಪೀಡಿ. ವಾಪಸು ಬರುವಾಗ ಸ್ಟುವರ್ಟ್ ಹೆದ್ದಾರಿ. ಒಟ್ಟು ಸುಮಾರು 2,000 ಕಿ.ಮೀ., ಅದರಲ್ಲಿ ಮಣ್ಣಿನ ರಸ್ತೆ 400ರ ಆಸುಪಾಸು. ಹತ್ತು ದಿನ ಇಟ್ಟುಕೊಳ್ಳಿ. ಏಳು ದಿನದಲ್ಲೂ ಮುಗಿಸಬಹುದು, ಆದರೆ ಆಗ ನೋಡಿದ್ದೆಲ್ಲ ಕಿಟಕಿಯಿಂದಲೇ ಆಗಿರುತ್ತದೆ.

ಈ ದಾರಿಗೆ ನಮ್ಮ ಕಡೆಯ ನಂಟೊಂದಿದೆ. ರೈಲು ಬರುವ ಮುಂಚೆ ಇಲ್ಲಿ ಸಾಮಾನು ಹೊತ್ತದ್ದು ಒಂಟೆಗಳು. ಒಂಟೆ ನಡೆಸಿದವರನ್ನು ಎಲ್ಲರೂ ‘ಅಫ್ಘನ್ನರು’ ಎಂದೇ ಕರೆದರೂ ಅವರಲ್ಲಿ ಅನೇಕರು ಬಲೂಚಿಸ್ತಾನ, ಸಿಂಧ್, ಪಂಜಾಬಿನಿಂದ, ಎಂದರೆ ಅಂದಿನ ಬ್ರಿಟಿಷ್ ಇಂಡಿಯಾದಿಂದ ಬಂದವರು. ಮರೀ ಅವರ ದೊಡ್ಡ ನೆಲೆಯಾಗಿತ್ತು. 1980ರಲ್ಲಿ ನಿಂತುಹೋದ ಹಳೆಯ ಘ್ಯಾನ್ ರೈಲಿನ ಸೇತುವೆಗಳು, ಪಾಳುಬಿದ್ದ ನಿಲ್ದಾಣಗಳು ದಾರಿಯುದ್ದಕ್ಕೂ ಸಿಗುತ್ತವೆ. ಮಕ್ಕಳು ಕಾರಿನಲ್ಲಿ ಬೇಸರಪಟ್ಟಾಗ ಇಳಿಸಿ ಓಡಾಡಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಾಲದ ವಿಷಯ ಚಿಕ್ಕದು: ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್. ಬೇಸಿಗೆಯಲ್ಲಿ, ಎಂದರೆ ಇಲ್ಲಿನ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಬೇಡವೇ ಬೇಡ. 1960ರ ಜನವರಿ 2ರಂದು ಊಡ್ನಡಾಟಾದಲ್ಲಿ ದಾಖಲಾದ ಉಷ್ಣಾಂಶ 50.7 ಡಿಗ್ರಿ. ಜುಲೈನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಸೊನ್ನೆಯ ಹತ್ತಿರ ಇಳಿಯುತ್ತದೆ. ‘ಮರುಭೂಮಿ ತಾನೇ’ ಎಂದು ತೆಳು ಹೊದಿಕೆ ಒಯ್ದವರು ಬೆಳಗಿನ ಜಾವ ಕಾರಿನೊಳಗೆ ಹೀಟರ್ ಹಾಕಿಕೊಂಡು ಕೂತಿರುತ್ತಾರೆ. ನಾವೂ ಕೂತಿದ್ದೇವೆ.

ಕೊಳ್ಳಬೇಡಿ, ಬಾಡಿಗೆಗೆ ತನ್ನಿ

ಕ್ಯಾಂಪರ್ ಟ್ರೇಲರ್ ಎಂದರೆ ಮಡಚಿದ ಡೇರೆ, ಹಾಸಿಗೆ, ಅಡುಗೆಯ ಹಲಗೆ, ನೀರಿನ ಟ್ಯಾಂಕ್ ಎಲ್ಲ ಸೇರಿದ ಎರಡು ಚಕ್ರದ ಪೆಟ್ಟಿಗೆ. ಮುಚ್ಚಳ ತೆರೆದು ಮಗುಚಿದರೆ ಅದೇ ನೆಲವಾಗಿ ಮೇಲೆ ಕ್ಯಾನ್ವಾಸ್ ಏಳುವ ಬಗೆಯಿದೆ. ಕ್ಯಾನ್ವಾಸನ್ನು ನೆಲದ ಮೇಲೆಯೇ ಹರಡುವ ಅಗ್ಗದ ಬಗೆಯೂ ಇದೆ. ಎರಡನೆಯದನ್ನು ಗಾಳಿಯಲ್ಲಿ ನಿಲ್ಲಿಸಲು ಅರ್ಧ ಗಂಟೆಯಾದರೂ ಬೇಕು, ಗಂಡ ಹೆಂಡತಿಯ ನಡುವೆ ತಾಳ್ಮೆಯೂ ಬೇಕು. ಬಾಡಿಗೆ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಒಯ್ಯಲು ಅನುಮತಿ ಇದೆಯೇ, ವಿಮೆ ಅಲ್ಲಿಯೂ ನಡೆಯುತ್ತದೆಯೇ ಎಂದು ಓದಿಯೇ ಸಹಿ ಹಾಕಿ. ‘ಆಫ್‌ರೋಡ್’ ಎಂದು ಬದಿಯಲ್ಲಿ ದೊಡ್ಡದಾಗಿ ಬರೆಸಿರುವುದಕ್ಕೂ ಕರಾರಿನ ಸಣ್ಣ ಅಕ್ಷರಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲ.

ಹಟ ಹಿಡಿದು ಹೊಸದನ್ನೇ ಕೊಂಡಿದ್ದರೆ ಕ್ಯಾನ್ವಾಸನ್ನು ಪಳಗಿಸಬೇಕು, ಹೊಸ ಮಣ್ಣಿನ ಮಡಕೆಯನ್ನು ಪಳಗಿಸುವ ಹಾಗೆಯೇ. ಡೇರೆ ನಿಲ್ಲಿಸಿ ಪೈಪಿನಿಂದ ನೀರು ಹಾಯಿಸಿ, ಪೂರ್ತಿ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಹೊಲಿಗೆಯ ದಾರ ಉಬ್ಬಿ ಸೂಜಿಯ ತೂತುಗಳು ಮುಚ್ಚಿಕೊಳ್ಳುತ್ತವೆ. ಇಲ್ಲದಿದ್ದರೆ ಮೊದಲ ಮಳೆಯಲ್ಲೇ ಹಾಸಿಗೆ ಒದ್ದೆ.

ತೂಕ: ಅಜ್ಜನ ಗಾಡಿಯ ಪಾಠ

ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರುವುದನ್ನು ನೋಡಿದ್ದರೆ ನಿಮಗೆ ಅರ್ಧ ವಿದ್ಯೆ ಬಂದಂತೆ. ಮೂಟೆಗಳೆಲ್ಲ ಹಿಂದೆ ಬಿದ್ದರೆ ಗಾಡಿ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಎಳೆಯುತ್ತದೆ. ಮುಂದೆಯೇ ಬಿದ್ದರೆ ಹೆಗಲು ಜಜ್ಜುತ್ತದೆ. ನಮ್ಮಜ್ಜ ಹೊರಡುವ ಮುಂಚೆ ಮೂಕಿಯನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ ಒಂದು ಮೂಟೆಯನ್ನು ಅತ್ತಿತ್ತ ಸರಿಸುತ್ತಿದ್ದರು. ಟ್ರೇಲರಿನ ಲೆಕ್ಕವೂ ಅದೇ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನ ಮೇಲೆ ಕೂರಬೇಕು. ಹಿಂಭಾರವಾದರೆ 90 ಕಿ.ಮೀ. ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡಲು ಶುರುವಾಗಿ ಕಾರನ್ನೂ ಜೊತೆಗೆ ಎಳೆದಾಡುತ್ತದೆ.

ಲೆಕ್ಕವನ್ನು ಕಾಗದದ ಮೇಲೆ ಹಾಕಿ. ಟ್ರೇಲರಿನ ತಗಡಿನ ಮೇಲೆ ಖಾಲಿ ತೂಕ 1,250 ಕೆ.ಜಿ., ಹೇರಿದ ಮೇಲಿನ ಗರಿಷ್ಠ ತೂಕ 1,700 ಕೆ.ಜಿ. ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ನಿಮಗೆ ಸಿಕ್ಕಿದ್ದು 450 ಕೆ.ಜಿ. ನೂರು ಲೀಟರ್ ನೀರಿಗೆ ನೂರು ಕೆ.ಜಿ. ಹೋಯಿತು. ಫ್ರಿಜ್ಜು ಮತ್ತು ಅದರೊಳಗಿನದು 60. ಗ್ಯಾಸ್ ಸಿಲಿಂಡರ್ 18. ಹಾಸಿಗೆ, ಹೊದಿಕೆ, ಕುರ್ಚಿ, ಮೇಜು, ಪಾತ್ರೆ, ಅಕ್ಕಿ, ಬೇಳೆ, ಸಲಕರಣೆ, ಹೆಚ್ಚುವರಿ ಚಕ್ರ, ಮಕ್ಕಳ ಸೈಕಲ್... ನಾವು ಮೊದಲ ಸಲ ಸಾರ್ವಜನಿಕ ವೇ ಬ್ರಿಜ್ ಮೇಲೆ ನಿಲ್ಲಿಸಿದಾಗ 140 ಕೆ.ಜಿ. ಹೆಚ್ಚಾಗಿತ್ತು. ಮಿತಿ ಮೀರಿದ ತೂಕ ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರೂ ಕೈ ತೊಳೆದುಕೊಳ್ಳಬಹುದು.

ಇಲ್ಲಿ ಹೆಚ್ಚಿನವರು ಎಡವುವ ಇನ್ನೊಂದು ಜಾಗವಿದೆ. ಕಾರು ಮೂರು ಟನ್ ಎಳೆಯಬಲ್ಲದು ಎಂದು ಬರೆದಿದ್ದರೆ ಕಾರನ್ನೂ ತುಂಬಿ, ಚಾವಣಿಗೂ ಹೇರಿ, ಮೂರು ಟನ್ ಎಳೆಯಬಹುದೆಂದಲ್ಲ. ಗುಂಡಿನ ಮೇಲೆ ಕೂರುವ ಸುಮಾರು 170 ಕೆ.ಜಿ.ಯನ್ನು ಕಾರು ಹೊರುವ ಭಾರದಲ್ಲೇ ಲೆಕ್ಕ ಹಿಡಿಯಬೇಕು. ಕಾರು, ಟ್ರೇಲರ್ ಎರಡೂ ಸೇರಿದ ತೂಕಕ್ಕೆ ಬೇರೆಯೇ ಮಿತಿಯಿದೆ. ಅದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಎರಡು ಟನ್ ಮೀರಿದ ಟ್ರೇಲರಾದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಇರಬೇಕು. ಮೊದಲ ಪ್ರವಾಸಕ್ಕೆ ಅಷ್ಟು ದೊಡ್ಡದು ಬೇಡ ಎಂಬುದು ನನ್ನ ಅಭಿಪ್ರಾಯ.

ಹಿತ್ತಿಲಲ್ಲಿ ಒಂದು ರಾತ್ರಿ

ಹೊರಡುವ ಎರಡು ವಾರ ಮೊದಲು ಮನೆಯ ಹಿತ್ತಿಲಲ್ಲೋ ಮುಂದಿನ ಜಾಗದಲ್ಲೋ ಡೇರೆ ಬಿಚ್ಚಿ ಒಂದು ರಾತ್ರಿ ಅದರಲ್ಲೇ ಕಳೆಯಿರಿ. ಒಂದೇ ನಿಯಮ: ಏನೇ ಬೇಕಾದರೂ ಮನೆಯೊಳಗೆ ಹೋಗುವಂತಿಲ್ಲ. ಹೋಗಲೇಬೇಕಾಗಿ ಬಂದದ್ದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ನಮ್ಮ ಚೀಟಿಯಲ್ಲಿದ್ದದ್ದು: ಲೈಟರ್, ಇಕ್ಕಳ, ತಲೆಗೆ ಕಟ್ಟುವ ಟಾರ್ಚ್, ಕಸದ ಚೀಲ, ಉಪ್ಪು. ಫ್ರಿಜ್ಜಿನ ಬ್ಯಾಟರಿ ಬೆಳಗಿನವರೆಗೆ ತಾಳುತ್ತದೆಯೇ ಎಂಬುದೂ ಅಂದೇ ಗೊತ್ತಾಗುತ್ತದೆ.

ಮರುದಿನ ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ಹಿಂದಕ್ಕೆ ಓಡಿಸುವುದನ್ನು ಕಲಿಯಿರಿ. ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಹಿಡಿದುಕೊಂಡರೆ ತಲೆಬಿಸಿ ಇಲ್ಲ: ಕೈ ಎಡಕ್ಕೆ ಹೋದರೆ ಟ್ರೇಲರ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ.

ನೀರು, ಅನ್ನ, ಡೀಸೆಲ್

ಕುಡಿಯಲು, ಅಡುಗೆಗೆ, ಕೈಕಾಲಿಗೆ ಸೇರಿ ಒಬ್ಬರಿಗೆ ದಿನಕ್ಕೆ 10 ಲೀಟರ್. ನಾಲ್ಕು ಜನರಿಗೆ ಮೂರು ದಿನದ್ದು 120 ಲೀಟರ್. ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಬೇಡಿ. ಅಡಿಯಲ್ಲಿರುವ ಟ್ಯಾಂಕಿಗೆ ಒಂದು ಕಲ್ಲು ಬಡಿದರೆ ನೀರೆಲ್ಲ ನೆಲದ ಪಾಲು. ಇಪ್ಪತ್ತು ಲೀಟರಿನ ಒಂದೆರಡು ಕ್ಯಾನ್ ಕಾರಿನಲ್ಲಿರಲಿ.

ಅಡುಗೆಗೆ ನಮ್ಮವರಷ್ಟು ಸಿದ್ಧರಾದವರು ಇಲ್ಲ. ಗೊಜ್ಜವಲಕ್ಕಿ, ಉಪ್ಪಿಟ್ಟಿನ ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು: ಕಡಿಮೆ ನೀರು, ಕಡಿಮೆ ಪಾತ್ರೆ. ಸಣ್ಣ ಕುಕ್ಕರ್ ಇದ್ದರೆ ಗ್ಯಾಸೂ ಉಳಿಯುತ್ತದೆ. ಮೆಲ್ಬರ್ನ್, ಸಿಡ್ನಿಯಿಂದ ಬರುವವರಿಗೆ ಮಾತ್ರ ಒಂದು ಎಚ್ಚರಿಕೆ. ಹಣ್ಣುನೊಣದ ಕಾಟದಿಂದಾಗಿ ಸೌತ್ ಆಸ್ಟ್ರೇಲಿಯಾಕ್ಕೆ ತಾಜಾ ಹಣ್ಣು, ಟೊಮೆಟೊ, ಹಸಿಮೆಣಸಿನಕಾಯಿ ತರುವಂತಿಲ್ಲ, ತಪ್ಪಿದರೆ ದಂಡ. ಗಡಿ ದಾಟಿದ ಮೇಲೆ ಕೊಂಡುಕೊಳ್ಳಿ.

ಟ್ರೇಲರ್ ಕಟ್ಟಿದ ಮೇಲೆ ನಮ್ಮ ಕಾರು ನೂರು ಕಿ.ಮೀ.ಗೆ 10 ಲೀಟರ್ ಕುಡಿಯುತ್ತಿದ್ದದ್ದು 16ಕ್ಕೆ ಏರಿತು. ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು. ಮರೀಯಿಂದ ವಿಲಿಯಂ ಕ್ರೀಕ್ ಸುಮಾರು 200 ಕಿ.ಮೀ., ಕೂಬರ್ ಪೀಡಿಯಿಂದ ಗ್ಲೆಂಡಾಂಬೊ ಸುಮಾರು 250. ನಡುವೆ ಒಂದು ಬಂಕೂ ಇಲ್ಲ. ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ, ದರ ನೋಡಿ ಮುಖ ಸಿಂಡರಿಸುವುದನ್ನು ಆಮೇಲೆ ಮಾಡಿದರಾಯಿತು.

ಮೊಬೈಲ್ ಸತ್ತ ಮೇಲೆ

ಊರು ದಾಟಿ ಸ್ವಲ್ಪ ದೂರ ಹೋದರೆ ಮೊಬೈಲಿನಲ್ಲಿ ಸಿಗ್ನಲ್ ಇರುವುದಿಲ್ಲ. ಎರಡು ಸಾಧನ ಬೇಕು. ಒಂದು, ಕಾರಿಗೆ ಹಾಕಿಸುವ ಯುಎಚ್‌ಎಫ್ ರೇಡಿಯೊ. ಲಾರಿಯವರು ಮಾತಾಡುವುದು 40ನೇ ಚಾನೆಲ್‌ನಲ್ಲಿ; 5 ಮತ್ತು 35 ತುರ್ತು ಸಂದರ್ಭಕ್ಕೆ ಮಾತ್ರ ಮೀಸಲು. ಇನ್ನೊಂದು, ಅಂಗೈಯಗಲದ ತುರ್ತು ಬೀಕನ್. ಅದರ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ನಿಮ್ಮ ಜಾಗದ ಸುಳಿವು ಹೋಗುತ್ತದೆ. ಅದನ್ನು ನಿಮ್ಮ ಹೆಸರಿಗೆ ಮೊದಲೇ ನೋಂದಾಯಿಸಬೇಕು, ಶುಲ್ಕವಿಲ್ಲ.

ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ. ವಿಮಾನದಿಂದ ನೋಡುವವರಿಗೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಇದೊಂದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ರಸ್ತೆಗಿಳಿದ ಮೇಲೆ

ಪ್ರತಿ ಬೆಳಿಗ್ಗೆ ಆಯಾ ಊರಿನ ರೋಡ್‌ಹೌಸ್‌ನಲ್ಲಿ (ಬಂಕ್, ಊಟ ಎರಡೂ ಇರುವ ದಾರಿಬದಿಯ ತಂಗುದಾಣ) ಮುಂದಿನ ರಸ್ತೆ ತೆರೆದಿದೆಯೇ ಎಂದು ಕೇಳಿ, ಸರ್ಕಾರದ ಸೂಚನೆಯನ್ನೂ ನೋಡಿ. ಒಂದು ಮಳೆ ಬಿದ್ದರೆ ಮಣ್ಣಿನ ರಸ್ತೆಯನ್ನು ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ನುಗ್ಗಿದರೆ ದೊಡ್ಡ ದಂಡ ಬೀಳುತ್ತದೆ. 2022ರ ಜನವರಿಯಲ್ಲಿ ನೆರೆ ಬಂದು ಸ್ಟುವರ್ಟ್ ಹೆದ್ದಾರಿಯೇ ಕಡಿದುಹೋಗಿತ್ತು.

ಟಾರು ಮುಗಿದಲ್ಲಿ ನಿಲ್ಲಿಸಿ ಕಾರು, ಟ್ರೇಲರ್ ಎರಡರ ಟೈರುಗಳಿಂದಲೂ ಕಾಲು ಭಾಗದಷ್ಟು ಗಾಳಿ ಇಳಿಸಿ, 40 ಇದ್ದರೆ 30ಕ್ಕೆ. ಟೈರು ಮೆತ್ತಗಾಗಿ ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ವೇಗ 70 ದಾಟಬಾರದು, ಮತ್ತೆ ಟಾರು ಸಿಕ್ಕಾಗ ಗಾಳಿ ತುಂಬಿಸಲು ಸಣ್ಣ ಕಂಪ್ರೆಸರ್ ಬೇಕು. ರಸ್ತೆಯ ಅಲೆಗಳ ಮೇಲೆ ಹೋಗುವುದೆಂದರೆ ಶೀಟಿನ ಮನೆಯ ಚಾವಣಿಯ ಮೇಲೆ ಕಾರು ಓಡಿಸಿದ ಹಾಗೆ. ತಿರುಪುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ನಿಂತಾಗಲೆಲ್ಲ ಒಂದು ಸುತ್ತು ಹಾಕಿ. ಕೊಂಡಿ, ಸರಪಳಿ, ಚಕ್ರದ ನಟ್ಟು ನೋಡಿ. ಆಮೇಲೆ ಟ್ರೇಲರಿನ ಎರಡೂ ಚಕ್ರಗಳ ನಡುಭಾಗದ ಹತ್ತಿರ ಕೈಯ ಹಿಂಬದಿಯನ್ನು ಹಿಡಿಯಿರಿ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಕಾರಿನ ಹಿಂಚಕ್ರ ಎಸೆದ ಕಲ್ಲು ಟ್ರೇಲರಿನ ಮುಂದಿನ ಪೆಟ್ಟಿಗೆಗೆ ಬಡಿದು ಪುಟಿದು, ಬಂದ ದಾರಿಯಲ್ಲೇ ಕಾರಿನ ಹಿಂಗಾಜಿಗೆ ಬರುತ್ತದೆ. ನಡುವೆ ಕಲ್ಲು ತಡೆಯುವ ಬಲೆ ಕಟ್ಟದೆ ಹೋಗಿದ್ದಕ್ಕೆ ಮರೀ ದಾಟಿ ಅರವತ್ತು ಕಿ.ಮೀ.ಗೆ ನಮ್ಮ ಗಾಜು ‘ಟಪ್’ ಎಂದಿತು. ಉಳಿದ ಮಣ್ಣಿನ ದಾರಿಯಷ್ಟನ್ನೂ ಊರಿನಿಂದ ತಂದಿದ್ದ ಜಮಖಾನವನ್ನು ಹಿಂದೆ ಕಟ್ಟಿಕೊಂಡು ಓಡಿಸಿದೆವು. ಜಮಖಾನಕ್ಕೆ ಬಂದ ಕೆಂಪು ಇನ್ನೂ ಹೋಗಿಲ್ಲ.

ಹೆದ್ದಾರಿಯಲ್ಲಿ 53.5 ಮೀಟರ್ ಉದ್ದದ ರೋಡ್ ಟ್ರೇನ್‌ಗಳು ಎದುರಾಗುತ್ತವೆ, ಒಂದು ಎಂಜಿನ್, ಹಿಂದೆ ಮೂರು ಟ್ರೇಲರ್. ನಿಮ್ಮ ಮುಂದೆ ಹೋಗುತ್ತಿರುವುದನ್ನು ಹಿಂದಿಕ್ಕಲು ಒಂದು ಕಿಲೋಮೀಟರಿಗೂ ಹೆಚ್ಚು ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಮಣ್ಣಿನ ರಸ್ತೆಯಲ್ಲಿ ಎದುರಿಗೆ ಬಂದರೆ ಎಡಕ್ಕೆ ಸರಿದು ನಿಧಾನಿಸಿ, ಧೂಳು ಅಡಗುವವರೆಗೆ ಕಾಯಿರಿ. ಸಂಜೆ ನಾಲ್ಕರೊಳಗೆ ನಿಂತುಬಿಡಿ. ಹೊತ್ತು ಇಳಿದ ಮೇಲೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಬೇಲಿಯಿಲ್ಲದ ಕಡೆ ದನಗಳೂ ಅಷ್ಟೇ. ವಿಲಿಯಂ ಕ್ರೀಕ್ ಸುತ್ತಲಿನ ಆನಾ ಕ್ರೀಕ್ ಎಂಬ ಒಂದು ದನದ ಫಾರ್ಮೇ ಮಂಡ್ಯ ಜಿಲ್ಲೆಯ ಮೂರರಷ್ಟಿದೆ; ದನಗಳಿಗೆ ರಸ್ತೆ ಎಲ್ಲಿ, ಹುಲ್ಲು ಎಲ್ಲಿ ಎಂಬ ಭೇದವಿಲ್ಲ.

ಮನೆಗೆ ಬಂದ ಮೇಲೆ ಟ್ರೇಲರ್ ತೊಳೆಯುವ ಮೊದಲು ಇನ್ನೊಂದು ಚೀಟಿ ಬರೆಯಿರಿ: ಹತ್ತು ದಿನದಲ್ಲಿ ಒಂದು ಸಲವೂ ಮುಟ್ಟದ ವಸ್ತುಗಳು. ನಮ್ಮದರಲ್ಲಿ ಎರಡನೇ ಒಲೆ, ನಾಲ್ಕು ಪುಸ್ತಕ, ಬ್ಯಾಡ್ಮಿಂಟನ್ ಬಲೆ, ಎರಡು ಸೈಕಲ್ ಇದ್ದವು. ಒಟ್ಟು 38 ಕೆ.ಜಿ. ಇಡ್ಲಿ ಪಾತ್ರೆಯನ್ನೂ ಸೇರಿಸೋಣವೆಂದು ನಾನು ಅಂದೆ. ಹಿಟ್ಟಿನ ಡಬ್ಬಿಯನ್ನು ಕಾರಿನ ಹೀಟರ್ ಮುಂದೆ ಕಾಲ ಬಳಿ ಇಟ್ಟುಕೊಂಡು ಕೂಬರ್ ಪೀಡಿಯವರೆಗೆ ಉಬ್ಬಿಸಿಕೊಂಡು ಬಂದಿದ್ದ ಮನೆಯಾಕೆ ಚೀಟಿಯನ್ನೇ ಕೈಯಿಂದ ತೆಗೆದುಕೊಂಡಳು.