ನೀರಿನ ಪೈಪ್ ತೊಳೆಯದೆ ಮರಿ ಇಳಿಸಬೇಡಿ

ಚಿಂತಾಮಣಿ ಕಡೆಯ ಒಂದು ಬ್ರಾಯ್ಲರ್ ಶೆಡ್. ನೆಲ ತೊಳೆದು, ಗೋಡೆಗೆ ಸುಣ್ಣ ಬಳಿದು, ಹೊಸ ಹೊಟ್ಟು ಹರಡಿಯೇ ಮರಿ ಬಿಟ್ಟಿದ್ದರು. ಆದರೂ ಮೂರನೇ ವಾರಕ್ಕೆ ದಿನಾ ಕೋಳಿ ಸಾಯತೊಡಗಿದವು. ಸತ್ತದ್ದನ್ನು ಕೊಯ್ದು ನೋಡಿದರೆ ಹೃದಯ, ಲಿವರ್ ಮೇಲೆಲ್ಲ ಬಿಳಿ ಪೊರೆ. ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಅದು. ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್‌ಗಳಿರುವ ಪೈಪ್, ಅಂದರೆ ನಿಪ್ಪಲ್ ಲೈನಿನ ಕೊನೆಯ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿದೆ. ಕಂದು ಲೋಳೆ ಬೆರಳಿಗೆ ಅಂಟಿಕೊಂಡು ಬಂತು. ‘ನೀರು ಹರಿತಾನೇ ಇರುತ್ತಲ್ಲ ಸಾರ್, ತಾನೇ ತೊಳೆದುಕೊಳ್ಳುತ್ತೆ’ ಅಂದರು ಮನೆಯವರು. ಈ ಮಾತನ್ನು ಎಷ್ಟೋ ಶೆಡ್ಡುಗಳಲ್ಲಿ ಕೇಳಿದ್ದೇನೆ. ಪೈಪ್ ತಾನಾಗಿ ತೊಳೆದುಕೊಳ್ಳುವುದಿಲ್ಲ.

ಮೊದಲು ಶೆಡ್

ಬೆಳೆದ ಕೋಳಿ ಮಾರಾಟಕ್ಕೆ ಲೋಡ್ ಆಗಿ ಶೆಡ್ ಖಾಲಿಯಾದ ದಿನವೇ, ಹೊಟ್ಟು ಬೆಚ್ಚಗಿರುವಾಗಲೇ, ಗೋಡೆಯ ಬುಡಕ್ಕೆ ಕೀಟನಾಶಕ ಹೊಡೆಯಿರಿ. ತಡಮಾಡಿದರೆ ಹೊಟ್ಟಿನಲ್ಲಿರುವ ಕಪ್ಪು ಹುಳ ಬಿರುಕಿನೊಳಗೆ ಸೇರಿಕೊಂಡು, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಮುಂದಿನ ಬ್ಯಾಚಿಗೆ ದಾಟಿಸುತ್ತದೆ. ಆಮೇಲೆ ಹೊಟ್ಟು ತೆಗೆದು ದೂರ ಸಾಗಿಸಿ, ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಕೊನೆಗೆ ಸೋಂಕುನಿವಾರಕ. ಹಿಕ್ಕೆ ಅಂಟಿದ ನೆಲಕ್ಕೆ ಎಷ್ಟು ದುಬಾರಿ ಔಷಧ ಹೊಡೆದರೂ ದುಡ್ಡು ದಂಡ. ನಾಲ್ಕೂ ಕಡೆ ಜಾಲರಿ ಇರುವ ಶೆಡ್ಡಿನಲ್ಲಿ ಫಾರ್ಮಲಿನ್ ಹೊಗೆ ಹಾಕುವುದನ್ನೂ ಬಿಡಿ. ಹೊಗೆ ಹೊರಗೆ ಹೋಗುತ್ತದೆ, ಹಾಕಿದವರ ಕಣ್ಣು, ಶ್ವಾಸಕೋಶಕ್ಕೆ ಪೆಟ್ಟು.

ಇನ್ನು ಪೈಪ್

ಮರಿಗಳ ಮೊದಲ ವಾರ ಶೆಡ್ಡಿನ ಶಾಖ 32 ಡಿಗ್ರಿಯ ಆಸುಪಾಸು. ಮರಿ ಕುಡಿಯುವುದು ಗುಟುಕು ನೀರು. ಹಾಗಾಗಿ ಪೈಪಿನಲ್ಲಿ ನೀರು ಬೆಚ್ಚಗಾಗಿ, ನಿಂತೇ ಇರುತ್ತದೆ. ಅದಕ್ಕೆ ಬೆಲ್ಲವನ್ನೋ ವಿಟಮಿನ್ನನ್ನೋ ಬೆರೆಸಿದರೆ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅವು ಪೈಪಿನ ಒಳಮೈಗೆ ಲೋಳೆ ಕಟ್ಟಿಕೊಂಡು ಅದರ ಮರೆಯಲ್ಲಿ ಬದುಕುತ್ತವೆ. ಮೇಲೆ ಹರಿಯುವ ಕ್ಲೋರಿನ್ ಅವುಗಳವರೆಗೆ ಇಳಿಯುವುದೇ ಇಲ್ಲ. ಬೆಲ್ಲದ ನೀರು ಕೊಡಲೇಬೇಕೆಂದಿದ್ದರೆ ಕೈಯಲ್ಲಿ ತುಂಬುವ ಡ್ರಿಂಕರಿನಲ್ಲಿ ಕೊಡಿ, ನಿಪ್ಪಲ್ ಲೈನಿಗೆ ಬೇಡವೇ ಬೇಡ.

ತೊಳೆಯುವುದು ಶೆಡ್ ಖಾಲಿ ಇದ್ದಾಗ ಮಾತ್ರ. ಮೊದಲು ಟ್ಯಾಂಕಿನ ಒಳಗೋಡೆ ಉಜ್ಜಿ, ಫಿಲ್ಟರ್ ಶುಚಿ ಮಾಡಿ. ಇಲ್ಲದಿದ್ದರೆ ತೊಳೆದ ಪೈಪಿಗೆ ಅದೇ ಕೊಳೆ ವಾಪಸ್. ಲೈನಿನ ಕೊನೆ ಬಿಚ್ಚಿ, ತಿಳಿನೀರು ಬರುವ ತನಕ ರಭಸವಾಗಿ ನೀರು ಹಾಯಿಸಿ. ನಂತರ ಎಷ್ಟು ದ್ರಾವಣ ಬೇಕು ಲೆಕ್ಕ ಹಾಕಿ: 20 ಮಿ.ಮೀ. ಒಳವ್ಯಾಸದ ಪೈಪು 100 ಮೀಟರಿಗೆ ಸುಮಾರು 31 ಲೀಟರ್ ಹಿಡಿಯುತ್ತದೆ. ಪೈಪ್ ತೊಳೆಯಲೆಂದೇ ಸಿಗುವ ಶೇ 35ರ ಹೈಡ್ರೋಜನ್ ಪೆರಾಕ್ಸೈಡ್ ತಂದು, 100 ಲೀಟರ್ ನೀರಿಗೆ 3 ಲೀಟರಿನಂತೆ ಬೆರೆಸಿ. ಕೈಗವಸು, ಕನ್ನಡಕ ಹಾಕಿಕೊಳ್ಳದೆ ಡಬ್ಬ ಮುಟ್ಟಬೇಡಿ, ಚರ್ಮ ಸುಡುತ್ತದೆ. ಲೇಬಲ್ ಇಲ್ಲದ ಕ್ಯಾನಿನಲ್ಲಿ ಅಳೆದು ಮಾರುವ ಅಗ್ಗದ ಮಾಲು ನಾನಂತೂ ಕೊಳ್ಳುವುದಿಲ್ಲ, ಅದರ ಸಾಮರ್ಥ್ಯ ತಿಳಿಯುವ ದಾರಿಯೇ ಇಲ್ಲ.

ದ್ರಾವಣ ಲೈನಿನ ಕೊನೆಗೆ ಬರುವ ತನಕ ತುಂಬಿಸಿ. ಆಮೇಲೆ ಎಲ್ಲರೂ ಮರೆಯುವ ಕೆಲಸ: ಪೊರಕೆ ಹಿಡಿದು ನಿಪ್ಪಲ್‌ಗಳ ಕೆಳಗೆ ಸವರುತ್ತಾ ಶೆಡ್ಡಿನ ಉದ್ದಕ್ಕೂ ನಡೆಯಿರಿ. ಪ್ರತಿ ನಿಪ್ಪಲ್ಲಿನ ಕಡ್ಡಿ ಅಲುಗಿ ದ್ರಾವಣ ತೊಟ್ಟಿಕ್ಕಬೇಕು. ಲೈನಿನ ಗಾಳಿ ಕೊಳವೆ ತೆರೆದಿರಲಿ, ಪೆರಾಕ್ಸೈಡಿನಿಂದ ಅನಿಲ ಏಳುತ್ತಲೇ ಇರುತ್ತದೆ. 24 ಗಂಟೆ ಹಾಗೇ ಬಿಟ್ಟು, ಮರುದಿನ ರಭಸದ ನೀರಿನಲ್ಲಿ ಹೊರಹಾಕಿ. ಕಿತ್ತುಬಂದ ಲೋಳೆ ನಿಪ್ಪಲ್ಲಿನಲ್ಲಿ ಸಿಕ್ಕಿಕೊಂಡಿರಬಹುದು, ಒಂದೊಂದನ್ನೂ ಒತ್ತಿ ನೋಡಿ. ಗಡಸು ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಸುಣ್ಣದ ಪದರವೂ ಇರುತ್ತದೆ. ಅದಕ್ಕೆ ಬೇರೆ ದಿನ ಸಿಟ್ರಿಕ್ ಆಮ್ಲದ ನೀರು ಬಿಡಿ. ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದೂ ಸೇರಿಸಬೇಡಿ, ವಿಷಾನಿಲ ಹುಟ್ಟುತ್ತದೆ. ಕೊನೆಗೆ ತಂತಿಗೆ ಬಿಳಿ ಬಟ್ಟೆ ಸುತ್ತಿ ಪೈಪಿನೊಳಗೆ ಆಡಿಸಿ. ಬಟ್ಟೆ ಕಂದಾದರೆ ಇನ್ನೊಮ್ಮೆ ಮೊದಲಿನಿಂದ ಮಾಡಿ.

ಮರಿ ಬಂದ ಮೇಲೆ

ಶೇ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 1,000 ಲೀಟರ್ ಕುಡಿಯುವ ನೀರಿಗೆ 10 ಗ್ರಾಂ ಹಾಕಿದರೆ 3 ಪಿಪಿಎಂ, ಅಂದರೆ ಲೀಟರಿಗೆ 3 ಮಿಲಿಗ್ರಾಂ ಕ್ಲೋರಿನ್. ಬಕೆಟ್ಟಿನಲ್ಲಿ ಕದಡಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ, ಗಸಿ ನಿಪ್ಪಲ್ ಕಟ್ಟಿಸುತ್ತದೆ. ಬಾಯಿ ತೆರೆದಿಟ್ಟ ಮೂಟೆಯ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನಲ್ಲಲ್ಲ, ಕೊನೆಯ ನಿಪ್ಪಲ್ಲಿನಲ್ಲಿ ಮಾಡಿ. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್ ದುರ್ಬಲ. ನೀರಿನಲ್ಲಿ ರಾಣಿಖೇತ್ ರೋಗದ ಲಸೋಟಾ, ಗುಂಬೋರೊ ರೋಗದ ಲಸಿಕೆ ಕೊಡುವುದಕ್ಕೆ ಒಂದು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ, ಇಲ್ಲದಿದ್ದರೆ ಲಸಿಕೆಯೇ ಸತ್ತುಹೋಗುತ್ತದೆ.

ರೋಗ ಬಾರದಿರಲಿ ಎಂದು ಮೊದಲ ದಿನವೇ ಆ್ಯಂಟಿಬಯೋಟಿಕ್ ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಕೋಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ನೀರಿನಲ್ಲಿ ಕೊಟ್ಟಿದ್ದರೆ, ಕೋರ್ಸ್ ಮುಗಿದ ಸಂಜೆಯೇ ಲೈನ್ ಫ್ಲಶ್ ಮಾಡಿ.

ಬಾಗಿಲಲ್ಲಿ ಕಾಲು ಅದ್ದಲೆಂದು ಇಟ್ಟ, ಕೆಸರು ತುಂಬಿದ ಔಷಧದ ತೊಟ್ಟಿಗಿಂತ ಶೆಡ್ಡಿಗೇ ಮೀಸಲಾದ ಒಂದು ಜೊತೆ ಗಂಬೂಟು ಮೇಲು. ಹೊರಗಿನ ಚಪ್ಪಲಿ ಹೊರಗೇ ಇರಲಿ, ಕೋಳಿ ಹಿಡಿಯಲು ಬರುವವರದ್ದೂ.