ಮೂವತ್ತು ದಾಟಿದ ಮೇಲೆ ನೀಟ್: ಪೋಡಿನಿಂದ ಎಂಬಿಬಿಎಸ್‌ವರೆಗೆ

ಎಂಬಿಬಿಎಸ್ ಸೇರೋದಕ್ಕೆ ಗರಿಷ್ಠ ವಯಸ್ಸಿನ ಮಿತಿ ಈಗ ಇಲ್ಲ. ಈ ಒಂದು ವಿಷಯ ನಮ್ಮ ಕಡೆ ಇನ್ನೂ ಸುಮಾರು ಜನಕ್ಕೆ ಗೊತ್ತಿಲ್ಲ. ಹಿಂದೆ 25 ವರ್ಷ, ಮೀಸಲಾತಿ ಇದ್ದವರಿಗೆ 30 ಅಂತ ಮಿತಿ ಹಾಕಿದ್ದರು. ಅದರ ಮೇಲೆ ಕೋರ್ಟಿನಲ್ಲಿ ಕೇಸು ನಡೆಯಿತು. 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆಯಿತು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಆಯ್ತು. ಮೇಲೆ ಎಷ್ಟಾದರೂ ಇರಲಿ. ನನಗೆ ಮೂವತ್ತನಾಲ್ಕು.

ನಾನು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವಳು, ಸೋಲಿಗ ಬುಡಕಟ್ಟಿನ ಹುಡುಗಿ. ಪೋಡು ಅಂದರೆ ಕಾಡೊಳಗಿನ ನಮ್ಮ ಹಾಡಿ. ಹುಡುಗಿ ಅನ್ನೋ ವಯಸ್ಸು ಹೋಯ್ತು, ಬಿಡಿ. ಪಿಯುಸಿ ಸೈನ್ಸ್ ಮುಗಿಸಿದ್ದು 2009ರಲ್ಲಿ. ಈಗ ಮೆಡಿಕಲ್ ಸೀಟಿಗೆ ಬರೆಯುವ ದೇಶಮಟ್ಟದ ಪರೀಕ್ಷೆ ನೀಟ್ ಆಗ ಇರಲೇ ಇಲ್ಲ, ರಾಜ್ಯದ ಸಿಇಟಿ ಇತ್ತು. ಸೀಟಿನ ಹತ್ತಿರಕ್ಕೂ ಹೋಗಲಿಲ್ಲ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿದೆ, ಗುತ್ತಿಗೆ ಮೇಲೆ ನರ್ಸ್ ಆದೆ, ಮದುವೆಯಾಯ್ತು, ಮಗಳು ಹುಟ್ಟಿದಳು. ಮನೆಯವರು ಕಾಫಿ ಗಿಡ ನೋಡಿಕೊಳ್ಳುತ್ತಾರೆ. ಡಾಕ್ಟರು ವಾರಕ್ಕೆ ಎರಡು ದಿನ ಬರುವ ಕಡೆ ಉಳಿದ ದಿನಗಳಲ್ಲಿ ನರ್ಸೇ ಡಾಕ್ಟರು. ಆದರೆ ಔಷಧಿ ಬರೆದುಕೊಡುವ ಅಧಿಕಾರ ಮಾತ್ರ ಇರಲ್ಲ. ಅದೇ ನನ್ನನ್ನು ಕೊರೆಯುತ್ತಿದ್ದದ್ದು.

ಓದಿನ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ಕಾಗದಪತ್ರ. ನಮ್ಮಂಥವರ ಸೀಟು ಹೋಗುವುದು ಫಿಸಿಕ್ಸಲ್ಲಿ ಅಂತ ಎಲ್ಲರೂ ಹೇಳ್ತಾರೆ. ಕಾಗದದಲ್ಲಿ ಹೋಗುವುದೂ ಕಡಿಮೆ ಏನಲ್ಲ.

ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಮೊದಲು ಶೇ. 3 ಇತ್ತು, 2022ರಲ್ಲಿ ಶೇ. 7 ಆಯ್ತು. ಒಳ್ಳೆಯದೇ. ಆದರೆ ಆ ಏಳರಲ್ಲಿ ಕಾಡಿನವರು ನಾವಷ್ಟೇ ಇಲ್ಲ. ಊರಲ್ಲಿ, ಪೇಟೆಯಲ್ಲಿ ಬೆಳೆದು ಎರಡು ವರ್ಷ ಕೋಚಿಂಗ್ ತಗೊಂಡ ಮಕ್ಕಳೂ ಅದೇ ಪಟ್ಟಿಯಲ್ಲಿ ಇರ್ತಾರೆ. ಅವರ ತಪ್ಪೇನಿಲ್ಲ. ಆದರೆ ಪೋಡಿನ ಮಗು ಅವರ ಜೊತೆ ನಿಂತು ಸೀಟು ತಗೊಳ್ಳಬೇಕು ಅಂದರೆ ಕೈಯಲ್ಲಿರುವ ಇನ್ನೆರಡು ದಾರಿ ಬಿಡಬಾರದು. ಒಂದು ಗ್ರಾಮೀಣ ಮೀಸಲಾತಿ, ಶೇ. 15. ಇನ್ನೊಂದು ಕನ್ನಡ ಮಾಧ್ಯಮ, ಶೇ. 5. ಇವೆರಡೂ ಪ್ರತಿ ವರ್ಗದ ಒಳಗೇ ಬರುತ್ತವೆ. ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಟ್ಟಿಯಲ್ಲಿ ಎಸ್‌ಟಿಜಿ, ಎಸ್‌ಟಿಆರ್, ಎಸ್‌ಟಿಕೆ ಅಂತ ಕಾಣುವುದು ಇವೇ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ.

ಗ್ರಾಮೀಣ ಅಂದರೆ ನಿಮ್ಮ ಮನೆ ಎಲ್ಲಿದೆ ಅಂತ ಯಾರೂ ಕೇಳಲ್ಲ. ಶಾಲೆ ಎಲ್ಲಿತ್ತು ಅಂತ ಕೇಳ್ತಾರೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನನ್ನ ಚಿಕ್ಕಪ್ಪನ ಮಗ ಪೋಡಲ್ಲೇ ಹುಟ್ಟಿದವನು. ರಾತ್ರಿ ಆನೆ ಬಂದರೆ ಅವರ ಮನೆ ಹಿತ್ತಲಿಗೇ ಬರೋದು. ಆದರೆ ಹೈಸ್ಕೂಲು ಕೊಳ್ಳೇಗಾಲದಲ್ಲಿ ಹಾಸ್ಟೆಲಲ್ಲಿದ್ದು ಓದಿದ. ಕೊಳ್ಳೇಗಾಲ ನಗರಸಭೆ. ಅವನಿಗೆ ಗ್ರಾಮೀಣ ಇಲ್ಲ. ಕಾಡಿನ ಮಕ್ಕಳು ಹತ್ತಿರದಲ್ಲಿ ಹೈಸ್ಕೂಲು ಇಲ್ಲದೆ ಪೇಟೆ ಹಾಸ್ಟೆಲಿಗೆ ಹೋಗ್ತಾರೆ, ಹೋಗಿದ್ದಕ್ಕೇ ಗ್ರಾಮೀಣರಲ್ಲ ಅಂತಾಗುತ್ತೆ. ಈ ನಿಯಮ ನಮ್ಮನ್ನು ನೋಡಿ ಮಾಡಿದ್ದಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತೆ. ಅವನ ಹತ್ತೂ ವರ್ಷ ಕನ್ನಡ ಮಾಧ್ಯಮವೇ ಆಗಿತ್ತು. ಹಾಗಾಗಿ ಆ ದಾರಿ ಉಳಿಯಿತು.

ನನ್ನದು ಬೆಟ್ಟದ ಮೇಲೆಯೇ ಮುಗಿದಿತ್ತು, ಪುಣ್ಯ. ಆದರೆ ಮುಗಿದು ಬಹಳ ವರ್ಷವಾಗಿತ್ತಲ್ಲ, ಅದೇ ತೊಂದರೆ. ಹದಿನೆಂಟು ವರ್ಷದ ಮಗುವಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು ಅಂದರೆ ಹೆಡ್‌ಮೇಷ್ಟ್ರಿಗೆ ಮುಖ ನೆನಪಿರುತ್ತೆ. ನನಗೆ ಪಾಠ ಮಾಡಿದ ಮೇಷ್ಟ್ರುಗಳೆಲ್ಲ ರಿಟೈರ್ ಆಗಿದ್ದರು. ನಾನು ಒಂದನೇ ಕ್ಲಾಸು ಸೇರಿದ ಶಾಲೆಯನ್ನು ಮಕ್ಕಳಿಲ್ಲ ಅಂತ ಮುಚ್ಚಿ ಪಕ್ಕದ ಶಾಲೆಗೆ ಸೇರಿಸಿದ್ದರು. ದಾಖಲೆಗಳೂ ಅಲ್ಲಿಗೇ ಹೋಗಿವೆ ಅಂದರು. ಅಲ್ಲಿ ಕೇಳಿದರೆ ಆಫೀಸಿಗೆ ಕೊಟ್ಟಿದ್ದೀವಿ ಅಂದರು. ಆಫೀಸಿನವರು ಶಾಲೆಯಲ್ಲೇ ಇರಬೇಕು, ನೋಡಿ ಅಂದರು.

ಕೊನೆಗೆ ಸಿಕ್ಕಿದ್ದು ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ. ಒಂದು ತಗಡಿನ ಟ್ರಂಕು. ಒಳಗೆ ದಾಖಲಾತಿ ರಿಜಿಸ್ಟರುಗಳು, ಅಂಚೆಲ್ಲ ಗೆದ್ದಲು ತಿಂದಿತ್ತು. ಅಡುಗೆ ಮಾಡುವ ಅಕ್ಕ, ನಾನು, ಮೇಷ್ಟ್ರು ಮೂರು ಜನ ನೆಲದ ಮೇಲೆ ಕೂತು ವರ್ಷ ನೋಡಿಕೊಂಡು ಹಾಳೆ ತಿರುವಿದೆವು. ನನ್ನ ಹೆಸರು ಇತ್ತು. ಅಪ್ಪನ ಹೆಬ್ಬೆಟ್ಟಿನ ಗುರುತು ಇತ್ತು. ಹುಟ್ಟಿದ ದಿನ ಜೂನ್ 1. ಅದೇ ಪುಟದಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರು ಜೂನ್ 1ಕ್ಕೇ ಹುಟ್ಟಿದ್ದರು! ಅವ್ವನನ್ನು ಕೇಳಿದರೆ ನಾನು ಹುಟ್ಟಿದ್ದು ಜೇನು ಕೀಳುವ ಕಾಲದಲ್ಲಿ. ಮೇಷ್ಟ್ರಿಗೆ ಶಾಲೆ ಶುರುವಾಗುವ ತಿಂಗಳು ಅನುಕೂಲವಾಗಿತ್ತು, ಅಷ್ಟೇ.

ಆ ಪುಟ ನೋಡಿ ವ್ಯಾಸಂಗ ಪ್ರಮಾಣಪತ್ರ ಬರೆಸಿದೆ. ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಬೇಕು. ಗ್ರಾಮೀಣಕ್ಕೆ ಬೇರೆ ನಮೂನೆ, ಕನ್ನಡ ಮಾಧ್ಯಮಕ್ಕೆ ಬೇರೆ ನಮೂನೆ. ಒಂದರಲ್ಲೇ ಎರಡನ್ನೂ ಬರೆಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ಬರೆಸಬೇಕು. ಮಧ್ಯೆ ಒಂದು ವರ್ಷ ಬಿಟ್ಟುಹೋದರೂ ಹತ್ತು ವರ್ಷದ ಲೆಕ್ಕ ಕೂಡಲ್ಲ. ಜಾತಿ ಪ್ರಮಾಣಪತ್ರ ನಮೂನೆ ಡಿಯಲ್ಲಿ, ತಹಶೀಲ್ದಾರರದ್ದು, ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಸಮೇತ. ಇದು ನಾಡಕಚೇರಿಯಲ್ಲಿ ಸಲೀಸಾಗಿ ಆಯ್ತು. ಎಸ್‌ಟಿಗೆ ಕೆನೆಪದರದ ಗೋಜಿಲ್ಲ. ಅಖಿಲ ಭಾರತ ಕೋಟಾಕ್ಕೂ ಹಾಕುವವರು ಇಂಗ್ಲಿಷಿನಲ್ಲೂ ಒಂದು ಜಾತಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇರುತ್ತೆ, ಆಧಾರಿನಲ್ಲಿ ಗಂಡನ ಹೆಸರು ಸೇರಿರುತ್ತೆ. ಎರಡೂ ಒಂದೇ ಥರ ಇರಬೇಕು. ಅಂಕಪಟ್ಟಿ ತಿದ್ದಿಸಲು ಹೋಗಬೇಡಿ, ಅದು ಮುಗಿಯುವ ಕೆಲಸವಲ್ಲ. ಆಧಾರನ್ನೇ ಅಂಕಪಟ್ಟಿಯಂತೆ ಮಾಡಿಸಿ. ನೀಟ್ ಅರ್ಜಿ ತೆರೆಯುವ ಮೊದಲೇ ಮಾಡಿಸಿ.

ಇನ್ನು ಓದು. ನಾನು ಪಿಯುಸಿ ಓದಿದಾಗಿನ ಪುಸ್ತಕವೇ ಬೇರೆ. ನಮ್ಮ ರಾಜ್ಯದ ಪಿಯುಗೆ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು ಆಮೇಲೆ. ಹಳೇ ನೋಟ್ಸ್ ಎಲ್ಲ ಅಟ್ಟಕ್ಕೆ ಹಾಕಿ ಎನ್‌ಸಿಇಆರ್‌ಟಿಯ ಎರಡು ವರ್ಷದ ಪುಸ್ತಕ ಹೊಸದಾಗಿ ಹಿಡಿದೆ. ನೀಟಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಜೀವಶಾಸ್ತ್ರ: 90 ಪ್ರಶ್ನೆ, 360 ಅಂಕ. ನರ್ಸಿಂಗ್ ಓದಿದವರಿಗೆ ಬಲ ಇರೋದು ಇಲ್ಲೇ. ಹೃದಯ, ಮೂತ್ರಪಿಂಡ, ಹಾರ್ಮೋನು, ರೋಗನಿರೋಧಕ ಶಕ್ತಿ ಇವೆಲ್ಲ ನಾವು ದಿನಾ ಕೈಯಾರೆ ನೋಡುವ ವಿಷಯ. ತಮಾಷೆ ಅಂದರೆ, ನನಗೆ ತುಂಬಾ ಚೆನ್ನಾಗಿ ಗೊತ್ತಿದ್ದ ಪಚನಕ್ರಿಯೆಯ ಪಾಠವನ್ನು 2024ರ ಪಠ್ಯದಿಂದ ತೆಗೆದುಬಿಟ್ಟರು. ಗಿಡಗಳ ಪಾಠಗಳು ಮಾತ್ರ ಇನ್ನೂ ಸುಮಾರು ಉಳಿದಿದ್ದವು. ಕಾಡಲ್ಲಿ ಬೆಳೆದವಳಿಗೆ ಗಿಡ ಗೊತ್ತಿರಬೇಕಲ್ವಾ ಅಂತ ಜೊತೆಯವರು ರೇಗಿಸಿದರು. ದೊಡ್ಡ ಸಂಪಿಗೆ ಮರ ಗೊತ್ತು, ನೆಲ್ಲಿ ಗೊತ್ತು, ಕಲ್ಲುಪಾಚಿ ಯಾವ ಕಾಲಕ್ಕೆ ಬಿಡಿಸಬೇಕು ಅಂತ ಗೊತ್ತು. ಪುಸ್ತಕದಲ್ಲಿರುವುದು ಅದಲ್ಲವಲ್ಲ.

ತಳಿಶಾಸ್ತ್ರದ ಪಾಠ ಮಾತ್ರ ನನಗೆ ಬೇರೆಯೇ ಥರ ಹತ್ತಿತು. ಅದರಲ್ಲಿ ಸಿಕಲ್ ಸೆಲ್ ಅನೀಮಿಯಾ ಬರುತ್ತೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲೀನ್ ಬಂದು ಕೂರುತ್ತೆ. ಅಷ್ಟರಿಂದಲೇ ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮ ಶುರು ಮಾಡಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ ಎಲ್ಲರ ರಕ್ತ ಪರೀಕ್ಷೆ ಅಂದರು. ಆಗ ಪೋಡು ಪೋಡಿಗೂ ಹೋಗಿ ರಕ್ತ ತೆಗೆದವರಲ್ಲಿ ನಾನೂ ಒಬ್ಬಳು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರಾದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪುಸ್ತಕದಲ್ಲಿ ಅದು ಚೌಕದೊಳಗಿನ ಲೆಕ್ಕ. ನಾನು ಅದನ್ನು ಜಗಲಿ ಮೇಲೆ ಕೂತು ಹೊಸದಾಗಿ ಮದುವೆಯಾದವರಿಗೆ ಬಿಡಿಸಿ ಹೇಳಿದ್ದೆ. ಆ ಪಾಠದಿಂದ ಬಂದ ಪ್ರಶ್ನೆ ಒಂದೂ ತಪ್ಪಲಿಲ್ಲ.

ಫಿಸಿಕ್ಸ್ ಹೆದರಿಸಿತು. ದಾರಿ ಸಿಕ್ಕಿದ್ದು ಡ್ರಿಪ್ ಸ್ಟ್ಯಾಂಡಿನ ಹತ್ತಿರ. 500 ಎಂಎಲ್ ಬಾಟಲಿಯನ್ನು ನಾಲ್ಕು ಗಂಟೆಯಲ್ಲಿ ಮುಗಿಸಬೇಕು, ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? ಹತ್ತು ಸಾವಿರ ಹನಿಯನ್ನು 240 ನಿಮಿಷದಿಂದ ಭಾಗಿಸಿದರೆ ಸುಮಾರು 42. ಇದನ್ನು ಯಾವ ನರ್ಸಾದರೂ ನಿದ್ದೆಗಣ್ಣಲ್ಲೇ ಮಾಡ್ತಾಳೆ. ಏಕಮಾನಗಳ ಪಾಠ ಅಂದರೆ ಇದೇ ತಾನೆ? ಬಾಟಲಿಯನ್ನು ಮೇಲಕ್ಕೆ ಏರಿಸಿದರೆ ಹನಿ ಜೋರಾಗುತ್ತೆ. ದ್ರವದ ಒತ್ತಡ ಎತ್ತರದ ಜೊತೆ ಹೆಚ್ಚುತ್ತೆ ಅನ್ನೋ ಸೂತ್ರವೂ ಅದೇ. ಹೀಗೆ ಗೊತ್ತಿದ್ದ ಕಡೆಯಿಂದ ಶುರು ಮಾಡಿದೆ. ಏಕಮಾನ, ದ್ರವ, ವಿದ್ಯುತ್ ಪ್ರವಾಹ, ಪರಮಾಣು, ಅರೆವಾಹಕ, ಇಷ್ಟನ್ನು ಗಟ್ಟಿ ಮಾಡಿಕೊಂಡೆ. ತಿರುಗುವ ವಸ್ತುಗಳ ಪಾಠವನ್ನು ಬೇಕಂತಲೇ ಬಿಟ್ಟೆ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೀತಾರೆ. ಗೊತ್ತಿಲ್ಲದ್ದನ್ನು ಮುಟ್ಟದೆ ಇರುವುದೂ ಒಂದು ಓದೇ. ಸಂಸಾರ, ನೈಟ್ ಡ್ಯೂಟಿ ಎರಡೂ ಇರುವವರು ಎಲ್ಲಾ ಪಾಠ ಮುಗಿಸ್ತೀನಿ ಅಂತ ಹೊರಟರೆ ಯಾವುದೂ ಮುಗಿಯಲ್ಲ.

ಪ್ರಶ್ನೆಪತ್ರಿಕೆಗೆ ಕನ್ನಡ ಆರಿಸಿಕೊಂಡೆ. ಕನ್ನಡ ಅಂದರೆ ಪುಸ್ತಿಕೆಯಲ್ಲಿ ಇಂಗ್ಲಿಷೂ ಜೊತೆಗಿರುತ್ತೆ, ಎರಡನ್ನೂ ನೋಡಿಕೊಳ್ಳಬಹುದು. ಎಲ್ಲಾದರೂ ಅನುಮಾನ ಬಂದರೆ ಇಂಗ್ಲಿಷಿನದ್ದೇ ಅಂತಿಮ, ಅದು ನೆನಪಿರಲಿ. ಎಸ್‌ಟಿಗೆ ಅರ್ಜಿ ಶುಲ್ಕ 1000 ರೂಪಾಯಿ ಇತ್ತು.

2024ರಲ್ಲಿ ಬರೆದಾಗ ಅರ್ಹತೆ ಬಂತು, ಸೀಟು ಬರಲಿಲ್ಲ. ಆ ವರ್ಷ ಗಲಾಟೆಯೋ ಗಲಾಟೆ. ಮೊದಲ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720, ಆಮೇಲೆ ಪರಿಷ್ಕರಿಸಿದಾಗ 17 ಜನ. 2025ರ ಮೇ 4ರಂದು ಬರೆದಾಗ ಫಿಸಿಕ್ಸ್ ಎಷ್ಟು ಕಷ್ಟ ಇತ್ತು ಅಂದರೆ ಹೊರಗೆ ಬಂದ ಮಕ್ಕಳು ಅಳುತ್ತಿದ್ದರು. ಆ ಸಲ ದೇಶಕ್ಕೆ ಮೊದಲು ಬಂದವರಿಗೇ 686. ಹಾಗಾಗಿ ಹೋದ ವರ್ಷ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ರ‍್ಯಾಂಕ್ ನೋಡಿ. ಕೆಇಎ ಪ್ರತಿ ಸುತ್ತಿನ ಕಟ್‌ಆಫ್ ರ‍್ಯಾಂಕ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್ ಹಾಕುತ್ತೆ. ಅದರಲ್ಲಿ ಎಸ್‌ಟಿಆರ್, ಎಸ್‌ಟಿಕೆ ಸಾಲುಗಳನ್ನು ಕಾಲೇಜುವಾರು ಬರೆದಿಟ್ಟುಕೊಳ್ಳಿ. ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ಎಸ್‌ಟಿ ಅರ್ಹತೆಗೆ 113 ಅಂಕ ಸಾಕಿತ್ತು. ಅಷ್ಟಕ್ಕೆ ಸರ್ಕಾರಿ ಸೀಟು ಸಿಗಲ್ಲ.

ನೀಟ್ ಬರೆದರೆ ಸೀಟು ತಾನಾಗಿ ಬರುತ್ತೆ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ. ಇಲ್ಲ. ರಾಜ್ಯದ ಸೀಟಿಗೆ ಕೆಇಎಯಲ್ಲಿ ಬೇರೆ ನೋಂದಣಿ ಮಾಡಬೇಕು. ಗ್ರಾಮೀಣ, ಕನ್ನಡ ಮಾಧ್ಯಮ ಕೇಳುವುದು ಆ ಅರ್ಜಿಯಲ್ಲಿ, ನೀಟ್ ಅರ್ಜಿಯಲ್ಲಲ್ಲ. ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವುದು. ನಾನು ಕಾಲೇಜುಗಳನ್ನು ಬಸ್ ದಾರಿ ನೋಡಿ ಜೋಡಿಸಿದೆ. ಮೊದಲು ಚಾಮರಾಜನಗರ, ಆಮೇಲೆ ಮೈಸೂರು, ಮಂಡ್ಯ, ಹಾಸನ, ಮಡಿಕೇರಿ. ಬೆಂಗಳೂರನ್ನು ಕೆಳಗೆ ಹಾಕಿದ್ದಕ್ಕೆ ಸೈಬರ್ ಸೆಂಟರಿನ ಹುಡುಗ ತಲೆ ಚಚ್ಚಿಕೊಂಡ. ಮಗಳು ಐದನೇ ಕ್ಲಾಸು. ಸಂಜೆ ಆದಮೇಲೆ ಕಾಡಿನ ಚೆಕ್‌ಪೋಸ್ಟ್ ಗೇಟು ಮುಚ್ಚುತ್ತಾರೆ. ಶನಿವಾರ ಹೊರಟು ಗೇಟು ಮುಚ್ಚುವುದರೊಳಗೆ ಮನೆ ಸೇರುವ ಹಾಗಿರಬೇಕು ಅನ್ನುವುದೇ ನನ್ನ ಲೆಕ್ಕವಾಗಿತ್ತು. ನಿಮ್ಮದು ಬೇರೆ ಇರಬಹುದು. ಮನಸ್ಸಿಗೆ ಯಾವುದು ಮೊದಲೋ ಅದನ್ನೇ ಮೇಲೆ ಹಾಕಿ. ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದ್ದು ತಪ್ಪಿಹೋಗಲ್ಲ, ಆ ಭಯ ಬೇಡ.

ಗ್ರಾಮೀಣದಲ್ಲಿ ಸೀಟು ಬಂತು. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಮನೆಯಲ್ಲಿ ಹೆಚ್ಚು ವಾದ ನಡೆದದ್ದು ಇದರ ಮೇಲೇ. ಬರೋ ಸಂಬಳ ಬಿಟ್ಟು ಐದೂವರೆ ವರ್ಷ ಓದ್ತೀಯಾ ಅಂತ ನಮ್ಮತ್ತೆ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಅವ್ವ ಒಂದೇ ಮಾತು ಹೇಳಿದಳು: "ಮಗೀನ ನಾನು ನೋಡ್ಕತೀನಿ, ನೀ ಹೋಗು." ಶುಲ್ಕಕ್ಕೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ದುಡ್ಡು ಬರೋದು ತಡವಾಗುತ್ತೆ, ಮೊದಲ ಕೆಲವು ತಿಂಗಳಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಬನ್ನಿ. ನಾನು ಆ ವರ್ಷದ ಕಾಫಿ ದುಡ್ಡಿನಲ್ಲಿ ಸುಧಾರಿಸಿದೆ.

ಈಗ ಮೊದಲ ವರ್ಷ. ಅನಾಟಮಿ ಹಿಡಿಸಿದೆ, ಬಯೋಕೆಮಿಸ್ಟ್ರಿ ಇನ್ನೂ ತಲೆಗೆ ಹತ್ತಿಲ್ಲ. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ, ಇಡೀ ಕೋರ್ಸು ಒಂಬತ್ತು ವರ್ಷದೊಳಗೆ ಮುಗೀಬೇಕು. ಸೇರುವ ಮುಂಚೆ ಇದನ್ನೂ ಮನೆಯವರಿಗೆ ಹೇಳಿಬಿಡಿ. ನಮ್ಮ ಕಡೆಯ ನರ್ಸ್ ಹುಡುಗಿಯರು ಆಗಾಗ ಫೋನ್ ಮಾಡ್ತಾರೆ, ಯಾವ ಕೋಚಿಂಗ್ ಅಕ್ಕಾ ಅಂತ ಕೇಳ್ತಾರೆ. ಒಂದನೇ ಕ್ಲಾಸು ಯಾವ ಶಾಲೆ, ಅದರ ರಿಜಿಸ್ಟರು ಈಗ ಎಲ್ಲಿದೆ ಅಂತ ನಾನು ತಿರುಗಿ ಕೇಳ್ತೀನಿ. ಬೇಸಿಗೆ ರಜೆಗೆ ಮೇಷ್ಟ್ರುಗಳು ಊರಿಗೆ ಹೋಗಿಬಿಡ್ತಾರೆ. ಅದಕ್ಕೆ ಮಾರ್ಚ್ ಒಳಗೇ ಹೋಗಿ ನೋಡಿ.